ಕೀಲಿ ಗ್ರಾಮಫೋನು: ದೋಷ ಹುಡುಕುವ ಬಗೆ, ದುರಸ್ತಿ ಮಾಡುವ ಬಗೆ



ಅಟ್ಟದ ಮೇಲೆ, ಹಳೆಯ ಮನೆಯ ಮೂಲೆಯಲ್ಲಿ ಅಥವಾ ಶಾಲೆಯ ಬೀರುವಿನಲ್ಲಿ ಕೀಲಿ ಕೊಡುವ ಗ್ರಾಮಫೋನೊಂದು ಧೂಳು ಹಿಡಿದು ಕುಳಿತಿರುವುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಇದಕ್ಕೆ ಏನಾಗಿದೆ ಎಂದು ಮನೆಯ ಹಿರಿಯರನ್ನು ಕೇಳಿ. ‘ಕೆಟ್ಟುಹೋಗಿದೆ’ ಎನ್ನುತ್ತಾರೆ. ಇನ್ನು ಕೆಲವರು ‘ಯಾರೋ ಕೀಲಿ ಜಾಸ್ತಿ ಕೊಟ್ಟುಬಿಟ್ಟರು’ ಎನ್ನುತ್ತಾರೆ. ಮೊದಲನೆಯ ಉತ್ತರ ಯಾವ ದೋಷದ ಹೆಸರೂ ಅಲ್ಲ. ಎರಡನೆಯದು, ನಾವು ಮುಂದೆ ನೋಡುವಂತೆ, ಬಹುಮಟ್ಟಿಗೆ ತಪ್ಪು ಕಲ್ಪನೆ.

ಈ ಯಂತ್ರಕ್ಕೆ ವಿದ್ಯುತ್ತು ಬೇಡ. ಇದರಲ್ಲಿ ಕಣ್ಣಿಗೆ ಕಾಣದ, ಬೆರಳಿಗೆ ಸಿಗದ ಭಾಗ ಒಂದೂ ಇಲ್ಲ. ಆದ್ದರಿಂದ ಒಂದು ಯಂತ್ರದ ದೋಷವನ್ನು ಕ್ರಮವಾಗಿ ಹುಡುಕುವುದು ಹೇಗೆ ಎಂಬುದನ್ನು ಕಲಿಯಲು ಇದು ಬಹಳ ಒಳ್ಳೆಯ ಸಾಧನ. ಆದರೆ ಇದು ಆಟದ ಸಾಮಾನಲ್ಲ. ಇದರೊಳಗಿನ ಸ್ಪ್ರಿಂಗು ಕೈಯನ್ನು ಸೀಳಬಲ್ಲದು. ಇದರ ಮುಳ್ಳು ಇನ್ನೆಲ್ಲೂ ಸಿಗದ ಹಾಡೊಂದನ್ನು ಸವೆಸಿ ಅಳಿಸಬಲ್ಲದು. ಹೀಗಾಗಿ ಏನು ಮಾಡಬೇಕು ಎಂಬುದರಷ್ಟೇ ಏನು ಮಾಡಬಾರದು ಎಂಬುದನ್ನೂ ಇಂದಿನ ಭಾಷಣದಲ್ಲಿ ತಿಳಿಯೋಣ.

ಯಂತ್ರದ ಹಿನ್ನೆಲೆ

ಥಾಮಸ್ ಆಲ್ವಾ ಎಡಿಸನ್ 1877ರಲ್ಲಿ ಧ್ವನಿಯನ್ನು ದಾಖಲಿಸಿ ಮತ್ತೆ ಕೇಳಿಸುವ ಯಂತ್ರವನ್ನು ರಚಿಸಿ ಅದನ್ನು ಫೋನೋಗ್ರಾಫ್ ಎಂದು ಕರೆದ. ಅದರಲ್ಲಿ ತಟ್ಟೆ ಇರಲಿಲ್ಲ; ತವರದ ತೆಳು ಹಾಳೆ ಸುತ್ತಿದ ಉರುಳೆ ಇತ್ತು. ಅದನ್ನು ಕೈಯಿಂದಲೇ ತಿರುಗಿಸಬೇಕಾಗಿತ್ತು. ಚಪ್ಪಟೆ ತಟ್ಟೆಯ ಮೇಲೆ ಸುರುಳಿ ಗೀರು ಹಾಕುವ ಪದ್ಧತಿ ಎಮಿಲ್ ಬರ್ಲಿನರ್‌ನದು. 1887ರಲ್ಲಿ ಆತ ಅದಕ್ಕೆ ಹಕ್ಕುಪತ್ರ ಪಡೆದು ಗ್ರಾಮಫೋನ್ ಎಂದು ಹೆಸರಿಟ್ಟ. ಅವನ ಮೊದಲ ಯಂತ್ರಗಳನ್ನೂ ಕೈಯಿಂದಲೇ ತಿರುಗಿಸಬೇಕಾಗಿತ್ತು. ಕೈಯ ವೇಗ ಒಂದೇ ಸಮನಾಗಿರುವುದಿಲ್ಲ. ಆದ್ದರಿಂದ ಹಾಡಿನ ಶ್ರುತಿಯೂ ಏರಿಳಿಯುತ್ತಿತ್ತು. 1896ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಎಲ್ಡ್ರಿಡ್ಜ್ ಜಾನ್ಸನ್ ಎಂಬ ಯಂತ್ರಶಿಲ್ಪಿ ಇದಕ್ಕೊಂದು ಸ್ಪ್ರಿಂಗು ಮೋಟಾರನ್ನು ಮಾಡಿಕೊಟ್ಟ. ಕೀಲಿ ಗ್ರಾಮಫೋನು ಮನೆಮನೆಗೆ ಬಂದದ್ದು ಆ ಬಳಿಕ.

ನಮ್ಮ ದೇಶದಲ್ಲಿ ಧ್ವನಿಮುದ್ರಣ ಮಾಡಲು ಫ್ರೆಡ್ ಗೈಸ್‌ಬರ್ಗ್ ಎಂಬಾತ 1902ರಲ್ಲಿ ಕಲ್ಕತ್ತಕ್ಕೆ ಬಂದ. ಆಗ ಹಾಡಿದವರಲ್ಲಿ ಪ್ರಸಿದ್ಧ ಗಾಯಕಿ ಗೌಹರ್ ಜಾನ್ ಒಬ್ಬರು. ಮುದ್ರಣದ ಅಚ್ಚುಗಳನ್ನು ಜರ್ಮನಿಯ ಹ್ಯಾನೋವರ್ ನಗರಕ್ಕೆ ಕಳುಹಿಸಿ, ಅಲ್ಲಿ ತಟ್ಟೆಗಳನ್ನು ಒತ್ತಿಸಿ ತರಿಸುತ್ತಿದ್ದರು. ಅಲ್ಲಿನ ಕೆಲಸಗಾರರಿಗೆ ಗುರುತು ಸಿಗಲೆಂದು ಹಾಡಿನ ಕೊನೆಯಲ್ಲಿ ಗಾಯಕಿ ತಮ್ಮ ಹೆಸರನ್ನು ಹೇಳುವ ರೂಢಿಯಿತ್ತು. ಇದೇ ಗೌಹರ್ ಜಾನ್ 1928ರಲ್ಲಿ ಮೈಸೂರು ಅರಮನೆಯ ಆಸ್ಥಾನ ಸಂಗೀತಗಾರರಾಗಿ ನೇಮಕಗೊಂಡು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅವರ ಧ್ವನಿ ಇಂದಿಗೂ ನಮಗೆ ಕೇಳಿಸುತ್ತಿದ್ದರೆ ಅದಕ್ಕೆ ಅರಗಿನ ಆ ತಟ್ಟೆಗಳೇ ಕಾರಣ. ನಮ್ಮ ಪಿಟೀಲು ಚೌಡಯ್ಯನವರ ವಾದನ, ಪಿ. ಕಾಳಿಂಗರಾಯರ ಗಾಯನ ಹಿಂದಿನವರ ಮನೆಗಳನ್ನು ತಲುಪಿದ್ದೂ ಇಂಥ ತಟ್ಟೆಗಳ ಮೂಲಕವೇ. ಹಳ್ಳಿಗಳಿಗೆ ವಿದ್ಯುತ್ತು ಬರುವುದು ತಡವಾದ್ದರಿಂದ, ಬೇರೆ ದೇಶಗಳು ಕೈಬಿಟ್ಟ ಮೇಲೂ ನಮ್ಮಲ್ಲಿ 1960ರ ದಶಕದ ಕೊನೆಯವರೆಗೆ ಈ ತಟ್ಟೆಗಳು ತಯಾರಾಗುತ್ತಿದ್ದವು.

ಶಕ್ತಿ ಸಾಗುವ ದಾರಿ

ದೋಷ ಹುಡುಕುವವನು ಮೊದಲು ಯಂತ್ರದ ಕೆಲಸವನ್ನು ಅರಿಯಬೇಕು. ಗ್ರಾಮಫೋನಿನಲ್ಲಿ ಶಕ್ತಿ ಸಾಗುವ ದಾರಿಯನ್ನು ಹಿಂಬಾಲಿಸೋಣ.

ನೀವು ಹಿಡಿಕೆ ತಿರುಗಿಸಿದಾಗ ನಿಮ್ಮ ತೋಳಿನ ಶಕ್ತಿ ಒಂದು ಉಕ್ಕಿನ ಪಟ್ಟಿಯನ್ನು ಬಿಗಿಯಾಗಿ ಸುತ್ತುತ್ತದೆ. ಸಾಮಾನ್ಯವಾಗಿ ಮೂರು ನಾಲ್ಕು ಮೀಟರ್ ಉದ್ದವಿರುವ ಈ ಪಟ್ಟಿ ಒಂದು ದುಂಡನೆಯ ಡಬ್ಬಿಯೊಳಗೆ ಸುರುಳಿಯಾಗಿರುತ್ತದೆ. ಅದರ ಒಂದು ತುದಿ ನಡುವಿನ ಅಚ್ಚಿಗೆ, ಇನ್ನೊಂದು ತುದಿ ಡಬ್ಬಿಯ ಗೋಡೆಗೆ ಕೊಕ್ಕೆಯಿಂದ ಸಿಕ್ಕಿಸಿರುತ್ತದೆ. ಹೀಗೆ ನಿಮ್ಮ ಶ್ರಮ ಪ್ರಚ್ಛನ್ನ ಶಕ್ತಿಯಾಗಿ ಕೂಡಿಡಲ್ಪಡುತ್ತದೆ. ಸ್ಪ್ರಿಂಗು ಹಿಂದಕ್ಕೆ ಬಿಚ್ಚಿಕೊಳ್ಳದಂತೆ ಒಂದು ಹಲ್ಲುಚಕ್ರ ಮತ್ತು ನಾಲಗೆ ತಡೆಯುತ್ತವೆ. ಬ್ರೇಕು ತೆಗೆದೊಡನೆ ಡಬ್ಬಿ ನಿಧಾನವಾಗಿ ತಿರುಗಿ, ಹಲ್ಲುಚಕ್ರಗಳ ಸಾಲನ್ನು ತಿರುಗಿಸಿ, ಕೊನೆಗೆ ತಟ್ಟೆಯನ್ನಿಡುವ ಪೀಠವನ್ನು ತಿರುಗಿಸುತ್ತದೆ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಪೂರ್ತಿ ಸುತ್ತಿದ ಸ್ಪ್ರಿಂಗಿನ ಬಲ ಹೆಚ್ಚು. ಬಿಚ್ಚಿಕೊಳ್ಳುತ್ತ ಹೋದಂತೆ ಬಲ ಕಡಿಮೆಯಾಗುತ್ತದೆ. ಆದರೂ ಹಾಡಿನ ಮೊದಲಿನಿಂದ ಕೊನೆಯವರೆಗೆ ತಟ್ಟೆ ನಿಮಿಷಕ್ಕೆ 78 ಸುತ್ತು ಬರುವುದು ಹೇಗೆ? ಉತ್ತರ, ಗವರ್ನರ್ ಎಂಬ ವೇಗನಿಯಂತ್ರಕ. ಒಂದು ಸಣ್ಣ ಅಚ್ಚಿನ ಸುತ್ತ ಸಾಮಾನ್ಯವಾಗಿ ಮೂರು ಲೋಹದ ಗುಂಡುಗಳನ್ನು ತೆಳುವಾದ ಪಟ್ಟಿ ಸ್ಪ್ರಿಂಗುಗಳ ಮೇಲೆ ಕೂರಿಸಿರುತ್ತಾರೆ. ಅಚ್ಚು ಪೀಠಕ್ಕಿಂತ ಹಲವು ಪಟ್ಟು ವೇಗವಾಗಿ ತಿರುಗುತ್ತದೆ. ವೇಗ ಹೆಚ್ಚಿದರೆ ಗುಂಡುಗಳು ಹೊರಕ್ಕೆ ಸರಿಯುತ್ತವೆ. ಆಗ ಅವು ಅಚ್ಚಿನ ಮೇಲಿನ ಒಂದು ಬಿಲ್ಲೆಯನ್ನು ಎಳೆದು, ಚರ್ಮದ ಅಥವಾ ಉಣ್ಣೆಯ ಒಂದು ಮೆತ್ತೆಗೆ ಒತ್ತುತ್ತವೆ. ಘರ್ಷಣೆ ಹೆಚ್ಚುತ್ತದೆ, ವೇಗ ಇಳಿಯುತ್ತದೆ. ವೇಗ ತೀರ ಇಳಿದರೆ ಗುಂಡುಗಳು ಒಳಕ್ಕೆ ಬಂದು ಬಿಲ್ಲೆ ಮೆತ್ತೆಯಿಂದ ಸಡಿಲವಾಗುತ್ತದೆ. ಜೇಮ್ಸ್ ವಾಟ್ 1788ರಲ್ಲಿ ತನ್ನ ಉಗಿ ಯಂತ್ರಕ್ಕೆ ಅಳವಡಿಸಿದ ಗುಂಡುಗಳ ನಿಯಂತ್ರಕದ ಚಿತ್ರವನ್ನು ನಿಮ್ಮ ಪಠ್ಯದಲ್ಲಿ ನೋಡಿರಬಹುದು. ಎರಡರ ತತ್ತ್ವವೂ ಒಂದೇ. ಅಲ್ಲಿ ಗುಂಡುಗಳು ಉಗಿಯ ಬಾಗಿಲನ್ನು ಮುಚ್ಚುತ್ತವೆ. ಇಲ್ಲಿ ಹೆಚ್ಚುವರಿ ಶಕ್ತಿಯನ್ನು ಘರ್ಷಣೆಯಲ್ಲಿ ಕಳೆಯುತ್ತವೆ.

ಇದು ಚಲನೆಯ ಅರ್ಧ. ಇನ್ನು ಧ್ವನಿಯ ಅರ್ಧ. ತಟ್ಟೆಯ ಗೀರು ಎಡಬಲಕ್ಕೆ ಸೂಕ್ಷ್ಮವಾಗಿ ಅಂಕುಡೊಂಕಾಗಿರುತ್ತದೆ. ಅದರಲ್ಲಿ ಸಾಗುವ ಮುಳ್ಳು ಎಡಬಲಕ್ಕೆ ಅದುರುತ್ತದೆ. ಮುಳ್ಳನ್ನು ಹಿಡಿದಿರುವ ಸಣ್ಣ ಸನ್ನೆಕೋಲು ಆ ಅದುರುವಿಕೆಯನ್ನು ಒಂದು ದುಂಡು ಪೊರೆಗೆ ಮುಟ್ಟಿಸುತ್ತದೆ. ಹಳೆಯ ಯಂತ್ರಗಳಲ್ಲಿ ಈ ಪೊರೆ ಅಭ್ರಕದ್ದು, ನಂತರದವುಗಳಲ್ಲಿ ಅಲ್ಯುಮಿನಿಯಮ್ಮಿನದು. ಪೊರೆ, ಸನ್ನೆಕೋಲು ಮತ್ತು ಅವುಗಳ ಗೂಡು ಸೇರಿ ಸೌಂಡ್‌ಬಾಕ್ಸ್, ಅಂದರೆ ಧ್ವನಿಪೆಟ್ಟಿಗೆ. ಅಲ್ಲಿಂದ ಧ್ವನಿ ಟೊಳ್ಳಾದ ತೋಳಿನ ಮೂಲಕ ಕೊಂಬಿಗೆ ಹೋಗಿ ಹೊರಬೀಳುತ್ತದೆ. ಕೊಂಬು ಶಕ್ತಿಯನ್ನು ಹುಟ್ಟಿಸುವುದಿಲ್ಲ. ಪೊರೆಯ ಅದುರುವಿಕೆಯನ್ನು ಕೋಣೆಯ ಗಾಳಿಗೆ ಸಮರ್ಥವಾಗಿ ದಾಟಿಸುತ್ತದೆ, ಅಷ್ಟೆ. ನಿಮ್ಮ ಕಿವಿಗೆ ಬೀಳುವ ಹಾಡಿನ ಶಕ್ತಿಯೆಲ್ಲ ನೀವು ಹಿಡಿಕೆ ತಿರುಗಿಸಿ ಕೊಟ್ಟದ್ದೇ.

ಬಿಚ್ಚುವ ಮುನ್ನ

ದುರಸ್ತಿ ಎಂದರೆ ತಿರುಪುಳಿ ಹಿಡಿದು ಬಿಚ್ಚುವುದು ಎಂದು ಅನೇಕರು ತಿಳಿದಿದ್ದಾರೆ. ನಿಜವಾಗಿ ದುರಸ್ತಿಯ ಬಹುಭಾಗ ಬಿಚ್ಚುವ ಮೊದಲೇ ಮುಗಿಯಬೇಕು. ಯಂತ್ರವನ್ನು ಎರಡು ಅರ್ಧಗಳಾಗಿ ಭಾಗಿಸಿ, ದೋಷ ಯಾವ ಅರ್ಧದಲ್ಲಿದೆ ಎಂದು ಕೇಳುವುದೇ ಮೊದಲ ಹೆಜ್ಜೆ.

ತೋಳನ್ನು ಎತ್ತಿ ಬದಿಗಿಡಿ. ಪೀಠದ ಮೇಲೆ ಹಾಡಿನ ತಟ್ಟೆ ಬೇಡ. ಹಿಡಿಕೆಯನ್ನು ಹತ್ತು ಸುತ್ತು ತಿರುಗಿಸಿ ಬ್ರೇಕು ಬಿಡಿ. ಪೀಠ ಸದ್ದಿಲ್ಲದೆ, ಒಂದೇ ಸಮನೆ ತಿರುಗಿದರೆ ಚಲನೆಯ ಅರ್ಧ ಸರಿಯಿದೆ; ದೋಷ ಧ್ವನಿಯ ಅರ್ಧದಲ್ಲಿದೆ. ಪೀಠ ತಿರುಗದಿದ್ದರೆ ಅಥವಾ ಕುಂಟಿದರೆ ಧ್ವನಿಪೆಟ್ಟಿಗೆಯನ್ನು ಮುಟ್ಟುವ ಅಗತ್ಯವೇ ಇಲ್ಲ. ಒಂದು ನಿಮಿಷದ ಈ ಪರೀಕ್ಷೆಯಿಂದ ಅರ್ಧ ಯಂತ್ರವನ್ನು ನಾವು ಸಂದೇಹದಿಂದ ಬಿಟ್ಟುಬಿಡಬಹುದು. ವೈದ್ಯರು ರೋಗ ಹುಡುಕುವುದೂ ಹೀಗೆಯೇ.

ಇನ್ನೂ ಮೂರು ಸಿದ್ಧತೆಗಳಿವೆ. ಬಿಚ್ಚುವ ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಒಂದು ಚಿತ್ರ ತೆಗೆಯಿರಿ, ಇಲ್ಲವೆ ಕೈಯಿಂದಲೇ ಬರೆದುಕೊಳ್ಳಿ. ತೆಗೆದ ತಿರುಪುಗಳನ್ನು ಬಂದ ಕ್ರಮದಲ್ಲೇ ಮೊಟ್ಟೆ ಇಡುವ ರಟ್ಟಿನ ತಟ್ಟೆಯ ಗುಳಿಗಳಲ್ಲಿ ಇಡಿ. ತಿರುಪಿನ ಗಾಡಿಗೆ ಸರಿಯಾಗಿ ಹೊಂದುವ ತಿರುಪುಳಿಯನ್ನೇ ಬಳಸಿ. ಹೊಂದದ ತಿರುಪುಳಿ ಜಾರಿ ತಲೆ ಸವೆದರೆ ಆ ತಿರುಪನ್ನು ಮತ್ತೆ ತೆಗೆಯುವುದೇ ಕಷ್ಟ.

ಚಲನೆಯ ದೋಷಗಳು

ಹಿಡಿಕೆಯ ನಡತೆ ಬಹಳಷ್ಟನ್ನು ಹೇಳುತ್ತದೆ. ತಿರುಗಿಸಿದಷ್ಟೂ ಸಡಿಲವಾಗಿ ತಿರುಗುತ್ತಲೇ ಇದ್ದು ಎಲ್ಲೂ ಬಿಗಿಯಾಗದಿದ್ದರೆ ಸ್ಪ್ರಿಂಗು ಮುರಿದಿರಬೇಕು, ಇಲ್ಲವೆ ಅದರ ತುದಿ ಕೊಕ್ಕೆಯಿಂದ ಕಳಚಿರಬೇಕು. ಕೆಲವು ಸುತ್ತು ಬಿಗಿಯಾಗಿ ಬಂದು ‘ಟಕ್’ ಎಂದು ಜಾರಿದರೆ ಕೊಕ್ಕೆಯ ತೂತು ಹರಿದಿರುವ ಸಂಭವ ಹೆಚ್ಚು. ಬಿಗಿಯಾದ ಹಿಡಿಕೆ ಕೈ ಬಿಟ್ಟೊಡನೆ ಹಿಂದಕ್ಕೆ ತಿರುಗಿ ಹೊಡೆದರೆ ತಡೆಯುವ ನಾಲಗೆ ಹಿಡಿಯುತ್ತಿಲ್ಲ ಎಂದರ್ಥ. ಅಂಥ ಯಂತ್ರಕ್ಕೆ ಮತ್ತೆ ಕೀಲಿ ಕೊಡಬಾರದು.

ಈಗ ‘ಕೀಲಿ ಜಾಸ್ತಿಯಾದ’ ಯಂತ್ರದ ಮಾತು. ಹಿಡಿಕೆ ಬಿಗಿಯಾಗಿದೆ, ಪೀಠ ತಿರುಗುತ್ತಿಲ್ಲ. ಪೂರ್ತಿ ಸುತ್ತಿದ ಸ್ಪ್ರಿಂಗಿಗೆ ಬಲ ಅತಿ ಹೆಚ್ಚಿರುತ್ತದೆ. ಅದು ಯಂತ್ರವನ್ನು ಓಡಿಸಬೇಕೇ ಹೊರತು ನಿಲ್ಲಿಸುವುದು ಸಾಧ್ಯವಿಲ್ಲ. ಹಾಗಾದರೆ ದಾರಿಯಲ್ಲಿ ಎಲ್ಲೋ ತಡೆಯಿದೆ. ಮೊದಲು ಬ್ರೇಕನ್ನು ನೋಡಿ. ಕೆಲವು ಪೆಟ್ಟಿಗೆ ಮಾದರಿಗಳಲ್ಲಿ ಹಾಡು ಮುಗಿದಾಗ ತಾನಾಗಿ ಬೀಳುವ ಬ್ರೇಕು ಇರುತ್ತದೆ. ಅದು ತುಕ್ಕು ಹಿಡಿದು ಅಂಟಿರಬಹುದು. ಆಮೇಲೆ ವೇಗದ ಸನ್ನೆ ತೀರ ‘ನಿಧಾನ’ದ ಕಡೆಗೆ ಸರಿದಿದೆಯೇ ನೋಡಿ. ಹಾಗಿದ್ದರೆ ಮೆತ್ತೆ ಬಿಲ್ಲೆಯನ್ನು ಒತ್ತಿ ಹಿಡಿದಿರುತ್ತದೆ. ಇವೆರಡೂ ಅಲ್ಲದಿದ್ದರೆ ಹೆಚ್ಚಾಗಿ ಕಾರಣ ಒಣಗಿದ ಎಣ್ಣೆ. ಹತ್ತಾರು ವರ್ಷಗಳಲ್ಲಿ ಎಣ್ಣೆ ಗಾಳಿಯೊಡನೆ ಸೇರಿ ಅಂಟಾಗಿ, ಕೊನೆಗೆ ಅರಗಿನಂತೆ ಗಟ್ಟಿಯಾಗುತ್ತದೆ. ಗವರ್ನರಿನ ಅಚ್ಚು ತೆಳುವಾದದ್ದು, ವೇಗವಾಗಿ ತಿರುಗಬೇಕಾದದ್ದು. ಆದ್ದರಿಂದ ಮೊದಲು ಸಿಕ್ಕಿಕೊಳ್ಳುವುದು ಅದೇ.

ಇಲ್ಲಿ ನಮ್ಮ ಮನೆಗಳ ಒಂದು ಅಭ್ಯಾಸವನ್ನು ಹೇಳಬೇಕು. ಕಿರುಗುಟ್ಟುವ ಬಾಗಿಲಿಗೆ ಹಾಕುವಂತೆ ಗ್ರಾಮಫೋನಿಗೂ ಕೊಬ್ಬರಿ ಎಣ್ಣೆ ಬಿಡುವುದುಂಟು. ಕೊಬ್ಬರಿ ಎಣ್ಣೆ ಚಳಿಗಾಲದ ಬೆಳಗಿನಲ್ಲಿ ಸೀಸೆಯೊಳಗೇ ಗಟ್ಟಿಯಾಗುವುದನ್ನು ನೀವು ನೋಡಿದ್ದೀರಿ. ಅದು ಯಂತ್ರದೊಳಗೂ ಗಟ್ಟಿಯಾಗುತ್ತದೆ, ಕಾಲ ಕಳೆದಂತೆ ಜಿಡ್ಡಾಗುತ್ತದೆ. ಅಚ್ಚುಗಳಿಗೆ ಹೊಲಿಗೆ ಯಂತ್ರದ ತೆಳು ಎಣ್ಣೆ ಸಾಕು, ಅದೂ ಒಂದೊಂದೇ ಹನಿ. ಹಳೆಯ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಕುಂಚದಿಂದ ತೊಳೆದು, ಒರೆಸಿ, ಪೂರ್ತಿ ಒಣಗಿಸಿದ ಮೇಲೆಯೇ ಹೊಸ ಎಣ್ಣೆ ಹಾಕಬೇಕು. ಸೀಮೆಎಣ್ಣೆಯ ಕೆಲಸ ಕಿಟಕಿ ತೆರೆದ ಕೋಣೆಯಲ್ಲಿ, ದೀಪ ಒಲೆಗಳಿಂದ ದೂರ ನಡೆಯಬೇಕು.

ಇನ್ನೊಂದು ಸಾಮಾನ್ಯ ದೋಷ, ಯಂತ್ರ ಓಡುವಾಗ ನಡುನಡುವೆ ‘ಢುಬ್’ ಎಂದು ಒಳಗಿನಿಂದ ಗುದ್ದಿದ ಸದ್ದು. ಸದ್ದಾದಾಗ ಇಡೀ ಪೆಟ್ಟಿಗೆ ಅದುರುತ್ತದೆ, ಮುಳ್ಳು ಗೀರಿನಿಂದ ಹಾರುವುದೂ ಉಂಟು. ಡಬ್ಬಿಯೊಳಗಿನ ಗ್ರೀಸು ಒಣಗಿ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು, ಬಲ ಹೆಚ್ಚಿದಾಗ ಒಮ್ಮೆಲೆ ಬಿಡಿಸಿಕೊಳ್ಳುವುದೇ ಇದಕ್ಕೆ ಕಾರಣ. ಸ್ಪ್ರಿಂಗನ್ನು ಹೊರತೆಗೆದು ತೊಳೆದು ಗ್ರಾಫೈಟು ಬೆರೆತ ಗ್ರೀಸು ಹಚ್ಚಿದರೆ ಸದ್ದು ನಿಲ್ಲುತ್ತದೆ. ಆದರೆ ಆ ಕೆಲಸ ಯಾರದು ಎಂಬುದನ್ನು ಈಗ ಹೇಳುತ್ತೇನೆ.

ಸ್ಪ್ರಿಂಗಿನ ಡಬ್ಬಿ: ಅಪಾಯದ ಗೆರೆ

ಸ್ಪ್ರಿಂಗು ಪೂರ್ತಿ ಬಿಚ್ಚಿಕೊಂಡಿದೆ, ಇನ್ನು ಅಪಾಯವಿಲ್ಲ ಎಂದು ತಿಳಿಯಬೇಡಿ. ಯಂತ್ರ ತಾನಾಗಿ ನಿಂತ ಮೇಲೂ ಡಬ್ಬಿಯೊಳಗಿನ ಪಟ್ಟಿ ತನ್ನ ಸಹಜ ಅಗಲಕ್ಕೆ ಬಂದಿರುವುದಿಲ್ಲ. ಡಬ್ಬಿಯ ಗೋಡೆ ಅದನ್ನು ಒತ್ತಿ ಹಿಡಿದಿರುತ್ತದೆ. ಮುಚ್ಚಳ ತೆಗೆದು ಎಳೆದರೆ ಮೀಟರುಗಟ್ಟಲೆ ಉಕ್ಕು ಚಾಟಿಯಂತೆ ಹೊರಕ್ಕೆ ಹಾರುತ್ತದೆ. ಅದರ ಅಂಚು ಹರಿತ. ಬೆರಳು, ಕಣ್ಣು ಎರಡಕ್ಕೂ ಅಪಾಯ.

ಆದ್ದರಿಂದ ವಿದ್ಯಾರ್ಥಿಗಳಾದ ನೀವು ಸ್ಪ್ರಿಂಗಿನ ಡಬ್ಬಿಯನ್ನು ತೆರೆಯಬಾರದು. ಅದನ್ನು ಆ ಕೆಲಸ ಬಲ್ಲವರೇ, ದಪ್ಪ ಕೈಗವಸು ಮತ್ತು ಕಣ್ಣಿನ ರಕ್ಷಣೆಯೊಡನೆ ಮಾಡಬೇಕು. ಮೋಟಾರಿನ ಬೇರೆ ಯಾವ ಭಾಗವನ್ನು ಮುಟ್ಟುವ ಮೊದಲೂ ಬ್ರೇಕು ಬಿಟ್ಟು, ಪೀಠ ತಾನಾಗಿ ನಿಲ್ಲುವವರೆಗೆ ಓಡಲು ಬಿಡಿ. ಕೀಲಿ ಇರುವಾಗ ಗವರ್ನರನ್ನು ತೆಗೆದರೆ ಏನಾಗುತ್ತದೆ ಯೋಚಿಸಿ. ತಡೆಯುವವರಿಲ್ಲದ ಸ್ಪ್ರಿಂಗು ಕ್ಷಣಾರ್ಧದಲ್ಲಿ ಬಿಚ್ಚಿಕೊಂಡು ಹಲ್ಲುಚಕ್ರಗಳ ಹಲ್ಲುಗಳನ್ನೇ ಮುರಿದುಹಾಕುತ್ತದೆ. ಕೀಲಿ ತುಂಬಿದ್ದು, ಯಂತ್ರ ಓಡದೆ ಸಿಕ್ಕಿಕೊಂಡಿದ್ದರೆ ಅದನ್ನು ಹಾಗೆಯೇ ನುರಿತವರಿಗೆ ಒಪ್ಪಿಸಿ. ಹೀಗೆ ಒಪ್ಪಿಸುವುದೂ ದುರಸ್ತಿಯ ತಿಳಿವಳಿಕೆಯೇ.

ವೇಗವೂ ಶ್ರುತಿಯೂ

ವೇಗ ತಪ್ಪಿದರೆ ಹಾಡಿಗೆ ಏನಾಗುತ್ತದೆ? ವೇಗ ಇಳಿದಷ್ಟೂ ಸ್ವರದ ಕಂಪನಸಂಖ್ಯೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. 78 ಸುತ್ತು ಬರಬೇಕಾದ ತಟ್ಟೆ ಸುಮಾರು ಎಪ್ಪತ್ತಮೂರೂವರೆ ಸುತ್ತು ಬಂದರೆ ಷಡ್ಜ ವೀಣೆಯ ಒಂದು ಮೆಟ್ಟಿಲಿನಷ್ಟು ಕೆಳಗಿಳಿಯುತ್ತದೆ. ಗಾಯಕರ ಕಂಠವೇ ಬೇರೆಯಾಗಿ ಕೇಳುತ್ತದೆ. ಹಾಗಾಗಿ ವೇಗವನ್ನು ಅಳೆಯುವುದು ಮುಖ್ಯ.

ಸರಳ ವಿಧಾನ ಇದು. ತಟ್ಟೆಯ ಕೆಳಗೆ ಅಂಚಿನಿಂದ ಸ್ವಲ್ಪ ಹೊರಚಾಚುವಂತೆ ಕಾಗದದ ಚೂರೊಂದನ್ನು ಸಿಕ್ಕಿಸಿ, ಒಂದು ನಿಮಿಷದಲ್ಲಿ ಅದು ಎಷ್ಟು ಸಲ ನಿಮ್ಮ ಮುಂದೆ ಹಾದುಹೋಗುತ್ತದೆ ಎಂದು ಎಣಿಸಿ. ಇದನ್ನು ಮುಳ್ಳು ಇಳಿಸದೆ ಒಮ್ಮೆ, ಮುಳ್ಳು ಇಳಿಸಿ ಒಮ್ಮೆ ಮಾಡಿ. ಮುಳ್ಳು ಇಳಿಸಿದಾಗ ಮಾತ್ರ ವೇಗ ಬಹಳ ಕುಸಿದರೆ ಸ್ಪ್ರಿಂಗು ದುರ್ಬಲವಾಗಿದೆ ಅಥವಾ ಹಲ್ಲುಚಕ್ರಗಳು ಜಿಡ್ಡಿನಿಂದ ಬಿಗಿಯಾಗಿವೆ. ಎರಡರಲ್ಲೂ ವೇಗ ಸಮನಾಗಿದ್ದು 78 ಮಾತ್ರ ಬಾರದಿದ್ದರೆ ವೇಗದ ಸನ್ನೆಯನ್ನು ಸರಿಪಡಿಸಿದರೆ ಸಾಕು.

ಪೀಠ ತೀರ ವೇಗವಾಗಿ ಓಡುತ್ತ ಸನ್ನೆಗೆ ಬಗ್ಗದಿದ್ದರೆ ಮೆತ್ತೆ ಸವೆದಿದೆ ಅಥವಾ ಬಿದ್ದುಹೋಗಿದೆ. ಅದೇ ದಪ್ಪದ ಚರ್ಮದ ಚೂರನ್ನು ಕೂರಿಸಿ ಒಂದು ಹನಿ ಎಣ್ಣೆ ಕುಡಿಸಿ. ಒಣ ಮೆತ್ತೆ ಕೀರಲು ಸದ್ದು ಮಾಡುತ್ತದೆ, ವೇಗವನ್ನು ಎಳೆದಾಡುತ್ತದೆ. ವೇಗ ತಾಳಬದ್ಧವಾಗಿ ಏರಿಳಿಯುತ್ತಿದ್ದರೆ ಗವರ್ನರಿನ ಒಂದು ಪಟ್ಟಿ ಸ್ಪ್ರಿಂಗು ಸೀಳಿರಬಹುದು ಅಥವಾ ಒಂದು ಗುಂಡು ಸಡಿಲವಾಗಿರಬಹುದು. ಗುಂಡುಗಳು ಪರಸ್ಪರ ತೂಗಿಕೊಂಡು ತಿರುಗಬೇಕು. ಆದ್ದರಿಂದ ಒಂದು ಪಟ್ಟಿ ಹಾಳಾದರೂ ಮೂರನ್ನೂ ಒಂದೇ ಜೋಡಣೆಯಾಗಿ ಬದಲಿಸುವುದು ಸರಿ.

ಒಂದು ಮಾತು ನೆನಪಿರಲಿ. 1902ರ ಕಾಲದ ತಟ್ಟೆಗಳೆಲ್ಲ 78ರಲ್ಲೇ ಮುದ್ರಣವಾದವಲ್ಲ. ಎಪ್ಪತ್ತರಿಂದ ಎಂಬತ್ತರ ಆಸುಪಾಸಿನವರೆಗೆ ನಾನಾ ವೇಗಗಳಿದ್ದವು. ವೇಗದ ಸನ್ನೆಯನ್ನು ಇಟ್ಟಿರುವುದೇ ಅದಕ್ಕಾಗಿ.

ಧ್ವನಿಪೆಟ್ಟಿಗೆಯ ದೋಷಗಳು

ಪೀಠ ಸರಿಯಾಗಿ ತಿರುಗುತ್ತದೆ, ಹಾಡು ಮಾತ್ರ ಕರಕರ ಎನ್ನುತ್ತದೆ ಅಥವಾ ಕಂಬಳಿಯೊಳಗಿನಿಂದ ಬಂದಂತೆ ಕೇಳುತ್ತದೆ. ಈಗ ಧ್ವನಿಯ ಅರ್ಧವನ್ನು ನೋಡೋಣ.

ಸುಲಭವಾದದ್ದರಿಂದ ಪ್ರಾರಂಭಿಸಿ. ಮುಳ್ಳನ್ನು ಹಿಡಿಯುವ ತಿರುಪು ಬಿಗಿಯಾಗಿದೆಯೇ? ಧ್ವನಿಪೆಟ್ಟಿಗೆ ತೋಳಿಗೆ ಸೇರುವ ಜಾಗದಲ್ಲಿ ಅಲುಗುತ್ತಿದೆಯೇ? ಅಲ್ಲಿ ಗಾಳಿ ಸೋರಿದರೆ ಮಂದ್ರ ಸ್ವರಗಳು ಕ್ಷೀಣವಾಗುತ್ತವೆ. ಕೊಂಬಿನೊಳಗೆ ದೀಪ ಹಿಡಿದು ನೋಡಿ. ವರ್ಷಗಟ್ಟಲೆ ಮೂಲೆಯಲ್ಲಿದ್ದ ಕೊಂಬಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರಬಹುದು, ಇಲಿ ಬಟ್ಟೆ ತುರುಕಿರಬಹುದು.

ಆಮೇಲೆ ಪೊರೆಯನ್ನು ನೋಡಿ. ಒಳ್ಳೆಯ ಅಭ್ರಕ ಗಾಜಿನಂತೆ ತಿಳಿಯಾಗಿರುತ್ತದೆ. ಪದರಗಳು ಬಿಟ್ಟುಕೊಂಡಲ್ಲಿ ಬೆಳ್ಳಗೆ ಕಾಣುತ್ತದೆ, ಬಿರುಕಿದ್ದರೆ ಗೆರೆ ಕಾಣುತ್ತದೆ. ಪೊರೆಯ ನಡುವೆ ಸನ್ನೆಕೋಲು ಸೇರುವಲ್ಲಿ ಮೇಣದ ಬೊಟ್ಟು ಇರುತ್ತದೆ. ಅದು ಉದುರಿದ್ದರೆ ಅಲ್ಲಿಂದಲೇ ಕರಕರ ಹುಟ್ಟುತ್ತದೆ. ಮುಳ್ಳು ಹಿಡಿಯುವ ಜಾಗವನ್ನು ಉಗುರಿನ ತುದಿಯಿಂದ ಮೆಲ್ಲಗೆ ತಟ್ಟಿ ಕೊಂಬಿನತ್ತ ಕಿವಿಗೊಡಿ. ಸ್ವಚ್ಛವಾದ ಒಂದೇ ‘ಟಪ್’ ಕೇಳಿದರೆ ಒಳ್ಳೆಯದು. ಸದ್ದಿನ ಜೊತೆ ಗುಂಯ್ ಎನ್ನುವ ಇನ್ನೊಂದು ಸದ್ದಿದ್ದರೆ ಏನೋ ಸಡಿಲವಾಗಿದೆ. ಸದ್ದೇ ಸತ್ತಂತಿದ್ದರೆ ರಬ್ಬರು ಗಟ್ಟಿಯಾಗಿದೆ.

ಈ ರಬ್ಬರಿನದೇ ಮುಖ್ಯ ತೊಂದರೆ. ಪೊರೆಯ ಅಂಚನ್ನು ಎರಡು ಕಡೆಯಿಂದ ಮೆತ್ತಗಿನ ರಬ್ಬರು ಕೊಳವೆಯ ಬಳೆಗಳು ಹಿಡಿದಿರುತ್ತವೆ. ಅವು ಮೆತ್ತಗಿದ್ದಾಗ ಪೊರೆ ಸ್ವತಂತ್ರವಾಗಿ ಅದುರುತ್ತದೆ. ದಶಕಗಳು ಕಳೆದಾಗ ರಬ್ಬರು ಕಲ್ಲಿನಂತಾಗಿ ಪೊರೆಯನ್ನು ಬಿಗಿಹಿಡಿಯುತ್ತದೆ. ಸೈಕಲ್ ವಾಲ್ವಿನ ಕೊಳವೆಯಂಥ ತೆಳುವಾದ ಮೆತ್ತಗಿನ ರಬ್ಬರನ್ನು ಅದೇ ದಪ್ಪದ್ದು ನೋಡಿ ತಂದು, ಎರಡು ತುದಿಗಳು ಸರಿಯಾಗಿ ಮುಟ್ಟುವಂತೆ ಕತ್ತರಿಸಿ ಕೂರಿಸಬೇಕು. ನಡುವೆ ಸಂದೂ ಇರಬಾರದು, ಒಂದರ ಮೇಲೊಂದು ಏರಲೂ ಬಾರದು. ಜೋಡಿಸಿದ ಮೇಲೆ ಸನ್ನೆಕೋಲು ಪೊರೆಯನ್ನು ಒಳಕ್ಕೂ ಹೊರಕ್ಕೂ ಎಳೆಯದೆ ನಡುವೆ ನಿಂತಿರಬೇಕು. ಇದು ತಾಳ್ಮೆಯ ಕೆಲಸ. ಅಭ್ರಕಕ್ಕೆ ಬೆರಳಿನ ಒತ್ತಡವೂ ಹೆಚ್ಚಾದೀತು.

ಕೆಲವು ಧ್ವನಿಪೆಟ್ಟಿಗೆಗಳ ಗೂಡು ಸತು ಪ್ರಧಾನವಾದ ಮಿಶ್ರಲೋಹದ ಎರಕ. ಈ ಎರಕ ವಯಸ್ಸಾದಂತೆ ಒಳಗಿನಿಂದಲೇ ಉಬ್ಬಿ ಬಿರುಕು ಬಿಡುತ್ತದೆ. ಮೈಮೇಲೆ ನವಿರಾದ ಗೆರೆಗಳು ಕಂಡರೆ ತಿರುಪುಗಳನ್ನು ಬಲವಂತವಾಗಿ ತಿರುಗಿಸಬೇಡಿ. ಅದು ಬಿಸ್ಕತ್ತಿನಂತೆ ಪುಡಿಯಾಗುತ್ತದೆ.

ಮುಳ್ಳು ಮತ್ತು ತಟ್ಟೆ

ಈಗ ಅತಿ ಮುಖ್ಯವಾದ ಭಾಗಕ್ಕೆ ಬಂದೆವು. ಯಂತ್ರ ಸರಿಹೋಯಿತು ಎಂಬ ಸಂತೋಷದಲ್ಲಿ ಪೆಟ್ಟಿಗೆಯಲ್ಲಿದ್ದ ಹಳೆಯ ಮುಳ್ಳನ್ನೇ ಸಿಕ್ಕಿಸಿ, ಕೈಗೆ ಸಿಕ್ಕ ತಟ್ಟೆಯನ್ನು ಹಾಕುವವರಿದ್ದಾರೆ. ಹಾನಿಯಾಗುವುದು ಅಲ್ಲಿಯೇ.

ಸಾಮಾನ್ಯ 78ರ ತಟ್ಟೆ ಅರಗು, ನುಣ್ಣನೆಯ ಕಲ್ಲಿನ ಪುಡಿ ಮತ್ತು ಕಪ್ಪು ಬಣ್ಣದ ಮಿಶ್ರಣ. ನಮ್ಮ ದೇಶದ ಕಾಡುಮರಗಳಲ್ಲಿ ಅರಗಿನ ಹುಳುಗಳು ಸ್ರವಿಸುವ ಆ ಅರಗೇ ಲೋಕದ ಹಾಡುಗಳನ್ನೆಲ್ಲ ಹೊತ್ತಿತ್ತು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲು ಸುಮಾರು ಮೂರು ನಿಮಿಷ ಹಾಡುತ್ತದೆ. ಅಷ್ಟರಲ್ಲಿ ಮುಳ್ಳು ಗೀರಿನಲ್ಲಿ ಸುಮಾರು 130 ಮೀಟರ್ ದೂರ ಉಜ್ಜಿಕೊಂಡು ಸಾಗುತ್ತದೆ. ಅದರ ಮೇಲಿನ ಭಾರ ನೂರು ಗ್ರಾಮಿಗೂ ಹೆಚ್ಚು. ಕಲ್ಲಿನ ಪುಡಿ ಮೆದು ಉಕ್ಕಿನ ಮುಳ್ಳನ್ನು ಗೀರಿನ ಆಕಾರಕ್ಕೆ ಸವೆಸುತ್ತದೆ. ಸವೆಯಬೇಕಾದ್ದು ಮುಳ್ಳು, ಗೀರಲ್ಲ ಎಂಬ ಲೆಕ್ಕಾಚಾರದಲ್ಲೇ ಅದನ್ನು ರೂಪಿಸಿದ್ದಾರೆ. ಒಂದು ಮಗ್ಗುಲು ಮುಗಿಯುವಷ್ಟರಲ್ಲಿ ಮುಳ್ಳಿನ ತುದಿಯಲ್ಲಿ ಉಳಿಯಂಥ ಅಂಚುಗಳಾಗಿರುತ್ತವೆ. ಅದನ್ನೇ ಇನ್ನೊಮ್ಮೆ ಬಳಸಿದರೆ ಆ ಅಂಚು ಗೀರಿನ ಗೋಡೆಯನ್ನು ಕೆತ್ತುತ್ತದೆ. ಕೆತ್ತಿದ ಪುಡಿ ಹಾಡಿನದೇ ಪುಡಿ. ಅದನ್ನು ಮತ್ತೆ ತುಂಬಲಾಗುವುದಿಲ್ಲ.

ಆದ್ದರಿಂದ ಒಂದು ಮಗ್ಗುಲಿಗೆ ಒಂದು ಮುಳ್ಳು. ಇದು ಜಿಪುಣತನ ಮಾಡುವ ಜಾಗವಲ್ಲ. ಹೊಲಿಗೆಯ ಸೂಜಿ, ಗುಂಡುಪಿನ್ನು ಇವುಗಳನ್ನು ಎಂದೂ ಬಳಸಬಾರದು. ಪ್ಲಾಸ್ಟಿಕ್ಕಿನ ಎಲ್.ಪಿ. ತಟ್ಟೆಯನ್ನು ಈ ಯಂತ್ರದ ಮೇಲೆ ಇಡಲೇಬಾರದು. ಅದರ ಗೀರು ಬಹಳ ಕಿರಿದು, ವಸ್ತು ಮೆದು, ಅದಕ್ಕೆ ಬೇಕಾದ ಭಾರ ಎರಡು ಗ್ರಾಮಿನ ಆಸುಪಾಸು. ಕೀಲಿ ಗ್ರಾಮಫೋನಿನ ಮುಳ್ಳು ಅದರ ಮೇಲೆ ನೇಗಿಲು ಹೊಡೆದಂತೆ ಹೋಗುತ್ತದೆ.

ತಟ್ಟೆಯ ಧೂಳನ್ನು ಮೆತ್ತಗಿನ ಕುಂಚದಿಂದ ಗೀರಿನ ದಿಕ್ಕಿನಲ್ಲೇ ತೆಗೆಯಿರಿ. ಜಿಡ್ಡಿದ್ದರೆ ಸ್ವಲ್ಪ ಸೋಪಿನ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ, ನಡುವಿನ ಚೀಟಿಗೆ ತಾಗದಂತೆ ಬೇಗನೆ ಒರೆಸಿ ಒಣಗಿಸಿ. ಸ್ಪಿರಿಟ್ಟನ್ನು ಮಾತ್ರ ಮುಟ್ಟಿಸಬೇಡಿ. ಬಡಗಿಗಳು ಪಾಲಿಷ್ ಮಾಡಲು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸುವುದನ್ನು ನೀವು ಬಲ್ಲಿರಿ. ತಟ್ಟೆಯ ಅರಗೂ ಅದರಲ್ಲಿ ಕರಗುತ್ತದೆ.

ಅಪರೂಪದ ತಟ್ಟೆಯೊಂದು ನಿಮ್ಮ ಮನೆಯಲ್ಲಿದ್ದರೆ ಅದನ್ನು ಎಷ್ಟೇ ಚೆನ್ನಾಗಿ ದುರಸ್ತಿಯಾದ ಕೀಲಿ ಯಂತ್ರದಲ್ಲೂ ಹಾಕಬೇಡಿ. 78ರ ಗೀರಿಗೆಂದೇ ಮಾಡಿದ ಅಗಲ ತುದಿಯ, ಹಗುರ ಭಾರದ ವಿದ್ಯುತ್ ಮುಳ್ಳಿನಿಂದ ಒಮ್ಮೆ ನುಡಿಸಿ ಕಂಪ್ಯೂಟರಿಗೆ ದಾಖಲಿಸಿಕೊಳ್ಳಬಹುದು. ಆಮೇಲೆ ಆ ದಾಖಲೆಯನ್ನು ಎಷ್ಟು ಸಲ ಬೇಕಾದರೂ ಕೇಳಬಹುದು. ಕೀಲಿ ಯಂತ್ರಕ್ಕೆ ಎಲ್ಲೆಡೆ ಸಿಗುವ, ಹೆಚ್ಚು ಬೆಲೆಯಿಲ್ಲದ ತಟ್ಟೆಗಳು ಸಾಕು.

ಎಷ್ಟು ದುರಸ್ತಿ ಮಾಡಬೇಕು?

ಹೊಳೆಯುವ ಹಿತ್ತಾಳೆ ಕೊಂಬಿನ ಎಷ್ಟೋ ‘ಪುರಾತನ’ ಗ್ರಾಮಫೋನುಗಳು ಹಳೆಯ ಮೋಟಾರನ್ನು ಹೊಸ ಪೆಟ್ಟಿಗೆಯಲ್ಲಿ ಕೂರಿಸಿ ಈಚೆಗೆ ಜೋಡಿಸಿದವು. ಅವುಗಳ ಮೇಲಿನ ಹೆಸರಿನ ಬಿಲ್ಲೆಯನ್ನು ನಂಬಿ ಬೆಲೆ ಕಟ್ಟಬೇಡಿ. 1931ರಲ್ಲಿ ಬಂದ ಎಚ್.ಎಂ.ವಿ. 102ರಂಥ ಕಪ್ಪು ಪೆಟ್ಟಿಗೆಯ ಯಂತ್ರ ನೋಡಲು ಸಾಧಾರಣ, ಆದರೆ ದುರಸ್ತಿಗೆ ಹೆಚ್ಚು ಯೋಗ್ಯ.

ನಿಜವಾದ ಹಳೆಯ ಯಂತ್ರವಾದರೆ ಅದಕ್ಕೆ ಬಣ್ಣ ಬಳಿಯಬೇಡಿ, ಹಳೆಯ ಚಿತ್ರ ಅಕ್ಷರಗಳನ್ನು ಉಜ್ಜಬೇಡಿ. ಹೊಸ ತೂತು ಕೊರೆಯಬೇಡಿ. ತೆಗೆದ ಹಳೆಯ ಭಾಗವನ್ನು ಎಸೆಯದೆ ಚೀಟಿ ಬರೆದು ಪೆಟ್ಟಿಗೆಯಲ್ಲೇ ಇಡಿ. ಮುಂದೊಂದು ದಿನ ನಿಮಗಿಂತ ಹೆಚ್ಚು ಬಲ್ಲವರು ಬಂದು ನೀವು ಮಾಡಿದ್ದನ್ನು ತೆಗೆದು ಮೊದಲಿನಂತೆ ಮಾಡುವ ಅವಕಾಶ ಉಳಿದಿರಬೇಕು. ಗೀರಿನ ಸವೆತ, ಹಲ್ಲುಚಕ್ರದ ಮುರಿತ, ಅಭ್ರಕದ ಬಿರುಕು ಇವು ಹಿಂದಕ್ಕೆ ಬಾರದ ಹಾನಿಗಳು. ಅವುಗಳಿಂದ ಯಂತ್ರವನ್ನೂ ತಟ್ಟೆಯನ್ನೂ ಉಳಿಸುವಷ್ಟು ಕೆಲಸ ಮಾಡಿ ಕೈ ತೊಳೆದುಕೊಂಡರೆ ಅದು ಒಳ್ಳೆಯ ದುರಸ್ತಿ.

ಮಾಡಿ ನೋಡಿ, ಯೋಚಿಸಿ

1. ಹತ್ತು ಅಂಗುಲದ ತಟ್ಟೆಯ ಗೀರು ನಡುವಿನಿಂದ 12 ಸೆಂ.ಮೀ. ದೂರದಲ್ಲಿ ಆರಂಭವಾಗಿ 6 ಸೆಂ.ಮೀ. ದೂರದಲ್ಲಿ ಮುಗಿಯುತ್ತದೆ ಎಂದುಕೊಳ್ಳಿ. ನಿಮಿಷಕ್ಕೆ 78 ಸುತ್ತಿನಂತೆ ಮೂರು ನಿಮಿಷದಲ್ಲಿ ಮುಳ್ಳು ಸಾಗುವ ದೂರವನ್ನು ಸರಾಸರಿ ತ್ರಿಜ್ಯದಿಂದ ಲೆಕ್ಕ ಹಾಕಿ.

2. ಒಂದು ರಟ್ಟಿನ ಬಿಲ್ಲೆಯ ಅಂಚಿನಲ್ಲಿ ಸಮ ಅಂತರದಲ್ಲಿ 77 ಕಪ್ಪು ಗೆರೆಗಳನ್ನು ಎಳೆದು ತಿರುಗುವ ಪೀಠದ ಮೇಲಿಡಿ. ಹಳೆಯ ಚೋಕ್ ಇರುವ ಟ್ಯೂಬ್‌ಲೈಟಿನ ಬೆಳಕಿನಲ್ಲಿ ನೋಡಿ. ವೇಗ ಸರಿಯಿದ್ದಾಗ ಗೆರೆಗಳು ನಿಂತಂತೆ ಕಾಣುತ್ತವೆ. ಆ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ ಎಂಬುದನ್ನು ಬಳಸಿ ಕಾರಣ ವಿವರಿಸಿ. ಕೆಲವು ಎಲ್.ಇ.ಡಿ. ದೀಪಗಳಲ್ಲಿ ಗೆರೆಗಳು ಹೀಗೆ ಕಾಣುವುದಿಲ್ಲ, ಏಕೆ?

3. ಗವರ್ನರಿನ ಮೆತ್ತೆಯಲ್ಲಿ ವ್ಯಯವಾಗುವ ಶಕ್ತಿ ಕೀಲಿ ತುಂಬಿದಾಗ ಹೆಚ್ಚೋ, ಮುಗಿಯುತ್ತ ಬಂದಾಗ ಹೆಚ್ಚೋ?

4. ನಿಮ್ಮ ಮನೆಯ ಯಾವುದಾದರೂ ಸರಳ ಯಂತ್ರವನ್ನು, ಸೈಕಲ್ಲನ್ನೋ ಹೊಲಿಗೆ ಯಂತ್ರವನ್ನೋ ತೆಗೆದುಕೊಳ್ಳಿ. ಅದರಲ್ಲಿ ಶಕ್ತಿ ಸಾಗುವ ದಾರಿಯನ್ನು ಬರೆದು, ದೋಷವನ್ನು ಎರಡು ಅರ್ಧಗಳಲ್ಲಿ ಒಂದಕ್ಕೆ ಸೀಮಿತಗೊಳಿಸುವ ಒಂದು ಪರೀಕ್ಷೆಯನ್ನು ನೀವೇ ಯೋಜಿಸಿ.